ನೀಲಿ ಪಟ್ಟಿಯ ಚೀಟಿ

ಟಿಕೆಟ್ ಕೊಡುವ ಬದಲು ಅವನು ನೀರು ಕೊಟ್ಟ.

ಕಾಗದದ ಲೋಟದಲ್ಲಿ ಮುಕ್ಕಾಲು ತುಂಬಿದ ನೀರನ್ನು ಗಾಜಿನ ಕೆಳಗಿನ ಕಿಂಡಿಯಿಂದ ಮೆಲ್ಲಗೆ ಈಚೆ ತಳ್ಳಿ, ಕಣ್ಣು ಸಣ್ಣದು ಮಾಡಿಕೊಂಡು ನಕ್ಕ. ಅವನ ಹಿಂದಿನ ಗಡಿಯಾರದಲ್ಲಿ ಹತ್ತು ಮೂವತ್ತೊಂದು. ದ್ವೀಪಕ್ಕೆ ದೋಣಿ ಹೊರಡುವುದು ಹತ್ತು ನಲವತ್ತಕ್ಕೆ. ಟ್ರಂಕಮ್ಮ ನೀರನ್ನು ವಾಪಸ್ ತಳ್ಳಿದಳು. ದ್ವೀಪದ ಹೆಸರನ್ನು ಇನ್ನೊಂದು ಸಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಒಂದು ಬೆರಳೆತ್ತಿ "ಒನ್" ಎಂದಳು. ಅವಳ ಕೊರಳಲ್ಲಿ ನೇತಾಡುತ್ತಿದ್ದ ಪ್ಲಾಸ್ಟಿಕ್ ಚೀಟಿಯನ್ನು ಅವನು ಬಗ್ಗಿ ಮತ್ತೊಮ್ಮೆ ಓದಿದ. ಆಮೇಲೆ ಕುರ್ಚಿಯಿಂದ ಎದ್ದು, ಪಕ್ಕದ ಬಾಗಿಲಿನಿಂದ ಈಚೆ ಬಂದು, ಅವಳ ಮೊಣಕೈ ಹಿಡಿದ.

"ಟಿಕೆಟ್ ಕೊಡಯ್ಯಾ, ಕೈ ಯಾಕೆ ಹಿಡೀತೀಯ?" ಎಂದು ತನ್ನ ಭಾಷೆಯಲ್ಲೇ ರೇಗಿದಳು. ಅವನಿಗೆ ಅರ್ಥವಾಗಲಿಲ್ಲ. ಗಾಜಿನ ಪಾತ್ರೆ ಸಾಗಿಸುವವನ ಹಾಗೆ ಅವಳನ್ನು ನಡೆಸಿಕೊಂಡು ಹೋಗಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಿಸಿದ. ನೀರನ್ನು ಅಲ್ಲಿಗೂ ತಂದಿಟ್ಟ. ಸಾಲಿನಲ್ಲಿದ್ದವರು ಒಬ್ಬರೂ ಗೊಣಗಲಿಲ್ಲ. ಎಲ್ಲರೂ ಅವಳತ್ತ ತಿರುಗಿ ಹಸುಗೂಸನ್ನು ನೋಡುವ ಹಾಗೆ ನಕ್ಕರು. ಹತ್ತು ನಲವತ್ತಕ್ಕೆ ದೋಣಿ ಅವಳ ಕಣ್ಣೆದುರಿಗೇ ಹಗ್ಗ ಬಿಚ್ಚಿಕೊಂಡು ಹೊರಟಿತು. ಟ್ರಂಕಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

ಆಗಲೇ ಫೋನು ಬಡಿದುಕೊಂಡಿತು. ಅದು ಗುಂಡಿ ಒತ್ತುವ ಸಣ್ಣ ಫೋನು. ಅದರಲ್ಲಿ ಒಂದೂ ಹೆಸರು ತುಂಬಿಸಿರಲಿಲ್ಲ. ನಂಬರುಗಳೆಲ್ಲ ಅವಳ ತಲೆಯಲ್ಲೇ ಇದ್ದವು. ಕರೆದದ್ದು ತಂಗಿ ಪುಟ್ಟಿ.

"ಅಕ್ಕಾ, ಎಲ್ಲಿದೀಯ? ದೋಣಿಗೆ ಹೋಗ್ಬೇಡ. ಗಾಳಿ ಜಾಸ್ತಿ ಇದೆ ಇವತ್ತು. ಅಲ್ಲೇ ಕೂತಿರು, ನಾನೇ ರೈಲಿಗೆ ಬರ್ತೀನಿ. ನಾಲ್ಕು ಗಂಟೆಗೆ ಅಲ್ಲಿರ್ತೀನಿ. ಇಬ್ರೂ ಮನೆಗೆ ಹೋಗೋಣ."

"ಗಾಳಿನೂ ಇಲ್ಲ, ಗೀಳಿನೂ ಇಲ್ಲ. ಅವನ್ಯಾವನೋ ಟಿಕೆಟ್ ಕೊಡ್ಲಿಲ್ಲ ಕಣೆ!"

"ಒಳ್ಳೇದೇ ಆಯ್ತು ಬಿಡು," ಎಂದಳು ಪುಟ್ಟಿ. "ಅಲ್ಲಿಂದ ಏಳ್ಬೇಡ."

ಮೂರು ದಿನದಿಂದ ಹೀಗೆಯೇ. ಅವಳು ಎಲ್ಲಿ ಸಿಕ್ಕಿಹಾಕಿಕೊಂಡರೂ ಹತ್ತು ನಿಮಿಷದೊಳಗೆ ಪುಟ್ಟಿಯ ಫೋನು ಬರುತ್ತಿತ್ತು. ಮೊದಲ ದಿನ ಟ್ರಂಕಮ್ಮ ಅದನ್ನು ಕರುಳಿನ ಸಂಬಂಧ ಅಂದುಕೊಂಡು ಕಣ್ಣು ಒದ್ದೆ ಮಾಡಿಕೊಂಡಿದ್ದಳು.

ಅವಳಿಗೆ ಅರವತ್ತೆಂಟು. ಮೂವತ್ನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರಿನ ಕರೆಗಳನ್ನು ಜೋಡಿಸಿದವಳು. ಟ್ರಂಕ್ ಕಾಲಿನ ಅಮ್ಮ ಟ್ರಂಕಮ್ಮನಾಗಿ, ಟ್ರಂಕ್ ಕಾಲು ಸತ್ತು ಮಣ್ಣಾದ ಮೇಲೂ ಹೆಸರು ಉಳಿದಿತ್ತು. ಊರಿನ ಸಾವಿರದೆಂಟುನೂರು ನಂಬರು ಅವಳಿಗೆ ಬಾಯಿಪಾಠ. ಜನ ನಂಬರು ಹೇಳುತ್ತಲೂ ಇರಲಿಲ್ಲ. "ಹಲ್ಲಿನ ಡಾಕ್ಟರ್ ಮನೆ ಕೊಡಮ್ಮ" ಅಂದರೆ ಸಾಕು, ಕೊಟ್ಟುಬಿಡುತ್ತಿದ್ದಳು. ಡಾಕ್ಟರು ಮನೆಯಲ್ಲಿಲ್ಲದಿದ್ದರೆ ಎಲ್ಲಿ ಇಸ್ಪೀಟು ಆಡುತ್ತಿರುತ್ತಾರೆ ಅನ್ನುವುದೂ ಅವಳಿಗೆ ಗೊತ್ತಿರುತ್ತಿತ್ತು. ಮದುವೆಯಾಗಲಿಲ್ಲ. ತಂಗಿಯನ್ನು ಓದಿಸಿದಳು, ಅವಳಿಗೆ ಮದುವೆ ಮಾಡಿ ಸಮುದ್ರದಾಚೆ ಕಳಿಸಿದಳು, ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡಳು. ನಿವೃತ್ತಿಯಾಗಿ ಹತ್ತು ವರ್ಷವಾದ ಮೇಲೆ, ಈಗಲೂ ಹೋಗದಿದ್ದರೆ ಇನ್ನು ಹೋಗುವುದೇ ಇಲ್ಲ ಎಂದು ಹೊರಟಳು.

ಅವಳ ಲೆಕ್ಕ ಸರಳವಾಗಿತ್ತು. ಎರಡು ವಾರ ಪುಟ್ಟಿಯ ಮನೆ, ಐದು ದಿನ ತಾನೊಬ್ಬಳೇ. ಆ ಐದು ದಿನದಲ್ಲಿ ಒಂದು ದಿನ ಈ ದ್ವೀಪ. ಸಮುದ್ರದ ತಳದಲ್ಲಿ ಎಳೆದು ತಂದ ಟೆಲಿಫೋನ್ ಕೇಬಲ್ಲು ದಡ ಹತ್ತುತ್ತಿದ್ದದ್ದು ಇಲ್ಲಿ. ಇಡೀ ಖಂಡಕ್ಕೆ ಹೋಗುವ ಕರೆಯೆಲ್ಲ ಈ ದ್ವೀಪದ ಮೇಲೆ ಹಾದೇ ಹೋಗಬೇಕಿತ್ತು. ಅಲ್ಲಿ ಒಬ್ಬ ಆಪರೇಟರ್ ಇದ್ದಳು. ಮುಖ ನೋಡಿದ್ದಿಲ್ಲ, ಹೆಸರು ಕೇಳಿದ್ದಿಲ್ಲ. ಲೈನು ಸಿಕ್ಕಿದಾಗ "ಗೋ ಅಹೆಡ್" ಅನ್ನುವ ಅವಳ ದನಿಯನ್ನು ಟ್ರಂಕಮ್ಮ ಹದಿನೇಳು ವರ್ಷ ಕೇಳಿದ್ದಳು. ಈಗ ಅಲ್ಲೊಂದು ಪುಟ್ಟ ಮ್ಯೂಸಿಯಂ ಇದೆಯಂತೆ. ಕತ್ತರಿಸಿದ ಕೇಬಲ್ಲಿನ ತುದಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಉಳಿದವರಿಗೆ ಅದು ತುಕ್ಕು ಹಿಡಿದ ತಂತಿ, ಟ್ರಂಕಮ್ಮನಿಗೆ ಅದು ತನ್ನ ಕೆಲಸದ ಇನ್ನೊಂದು ತುದಿ. ರಾತ್ರಿ ಉಳಿಯಲು ದ್ವೀಪದಲ್ಲೇ ಒಂದು ಕೋಣೆಯನ್ನೂ ಗೊತ್ತು ಮಾಡಿಕೊಂಡಿದ್ದಳು. ಇನ್ನೊಂದು ದೋಣಿ ಮೂರು ಇಪ್ಪತ್ತಕ್ಕಿತ್ತು. ನಾಳೆ ಬೆಳಗ್ಗೆ ಅದೇ ದೋಣಿ ವಾಪಸ್ ಬಂದ ಮೇಲೆ ಚಳಿಗಾಲದ ವೇಳಾಪಟ್ಟಿ, ವಾರಕ್ಕೆ ಒಂದೇ ದೋಣಿ. ಅಂದರೆ ಇವತ್ತು ಮೂರು ಇಪ್ಪತ್ತು ತಪ್ಪಿದರೆ ದ್ವೀಪ ತಪ್ಪಿತು.

ಈ ದೇಶದವರ ಒಳ್ಳೆಯತನ ಅವಳ ತಲೆ ತಿಂದುಹಾಕಿತ್ತು. ಮೊದಲ ದಿನ ಟ್ರ್ಯಾಮಿನ ಡ್ರೈವರು ಅವಳನ್ನು ಇಳಿಯಗೊಡದೆ ಕೊನೆಯ ನಿಲ್ದಾಣದವರೆಗೆ ಕರೆದೊಯ್ದು ಅಲ್ಲಿನ ಆಫೀಸಿನಲ್ಲಿ ಕೂರಿಸಿದ. ಚಿತ್ರಶಾಲೆಯಲ್ಲಿ ಕಾವಲಿನ ಹೆಂಗಸು ಒಂದು ಕೋಣೆಯಿಂದ ಇನ್ನೊಂದಕ್ಕೆ ಬೆನ್ನು ಬಿಡದೆ ಬಂದಳು. ತಾನೇನು ಚಿತ್ರ ಕದಿಯುತ್ತೇನೆಯೇ ಎಂದು ಟ್ರಂಕಮ್ಮ ಬೇಕಂತಲೇ ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಂತಳು. ಹೋಟೆಲಿನಲ್ಲಿ ಅವಳ ಕಾಫಿಗೆ ಬೇರೆಯವರೇ ಸಕ್ಕರೆ ಹಾಕಿ ಕಲಕಿ, ಬಿಸಿಯೆಂದು ಊದಿಯೂ ಕೊಟ್ಟರು. ವಸತಿಯ ಯಜಮಾನಿ ಕೋಣೆಯ ಕೀಲಿಯನ್ನು ಅವಳ ಕೈಗೆ ಕೊಡಲೇ ಇಲ್ಲ. ಇಂಥ ಮರ್ಯಾದೆ ಊರಲ್ಲಿ ಸಿಕ್ಕಿದ್ದರೆ ಎರಡೇ ದಿನದಲ್ಲಿ ಜಗಳ ತೆಗೆದು ಬಿಡಿಸಿಕೊಳ್ಳುತ್ತಿದ್ದಳು. ಇಲ್ಲಿ ಜಗಳಕ್ಕೆ ಭಾಷೆ ಇರಲಿಲ್ಲ.

ಭಾಷೆ ಇಲ್ಲವೆಂದೇ ಈ ಚೀಟಿ. ಹೊರಡುವ ಎರಡು ದಿನ ಮೊದಲು ಪುಟ್ಟಿಯ ಊಟದ ಮೇಜಿನ ಮುಂದೆ ಕೂತು ಟ್ರಂಕಮ್ಮ ಐದು ವಾಕ್ಯ ಹೇಳಿ ಬರೆಸಿದ್ದಳು. ನಾನು ಪ್ರವಾಸಿ. ಒಬ್ಬಳೇ ಬಂದಿದ್ದೇನೆ. ನಿಮ್ಮ ಭಾಷೆ ಬರುವುದಿಲ್ಲ. ನಾನು ಹೋಗಬೇಕಾದ ಊರಿನ ಹೆಸರು ಹೇಳುತ್ತೇನೆ. ದಯವಿಟ್ಟು ದಾರಿ ತೋರಿಸಿ. ಪುಟ್ಟಿ ವೃದ್ಧರ ಆರೈಕೆ ಕೇಂದ್ರವೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಮರುದಿನ ಸಂಜೆ ಅಲ್ಲಿಂದಲೇ ಅಚ್ಚು ಹಾಕಿಸಿಕೊಂಡು ತಂದಳು: ಪ್ಲಾಸ್ಟಿಕ್ ಹೊದಿಕೆ, ಮೇಲೊಂದು ನೀಲಿ ಪಟ್ಟಿ, ಕೊರಳಿಗೆ ಹಾಕಲು ನೀಲಿ ದಾರ. ಟ್ರಂಕಮ್ಮ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಐದು ಮಾತು ಹೇಳಿದ್ದೆ, ಮೂರೇ ಸಾಲು ಇದೆಯಲ್ಲೇ?" ಎಂದು ಕೇಳಿದಳು. "ಇಲ್ಲಿನ ಭಾಷೆ ಚುಟುಕು, ಅಕ್ಕ," ಎಂದಿದ್ದಳು ಪುಟ್ಟಿ.

ಎರಡೂವರೆಯವರೆಗೆ ಬೆಂಚಿನ ಮೇಲೆ ಕೂತು ಕೂತು ಸಾಕಾಗಿ ಟ್ರಂಕಮ್ಮ ಎದ್ದಳು. ಕಾಯುವ ಹಜಾರದ ಇನ್ನೊಂದು ಮೂಲೆಯಲ್ಲಿ ಕಾಫಿಯ ಗೂಡಂಗಡಿಯಿತ್ತು. ಅಲ್ಲಿದ್ದ ದಪ್ಪನೆಯ ಹೆಂಗಸು ಇವಳನ್ನು ಕಂಡದ್ದೇ ಒದ್ದೆ ಕೈ ಒರೆಸಿಕೊಂಡು ಹೊರಗೆ ಬಂದು, ಇಂಗ್ಲಿಷಿನಲ್ಲಿ, "ನೀವು ಕೂತ್ಕೊಳ್ಳಿ, ನಾನೇ ತಂದ್ಕೊಡ್ತೀನಿ," ಎಂದಳು.

ಟ್ರಂಕಮ್ಮನ ಇಂಗ್ಲಿಷು ಎಕ್ಸ್‌ಚೇಂಜಿನ ಇಂಗ್ಲಿಷು. ಅದರಲ್ಲಿ ಹರಟೆ ಹೊಡೆಯಲು ಬರುತ್ತಿರಲಿಲ್ಲ, ಗದರಲು ಚೆನ್ನಾಗಿ ಬರುತ್ತಿತ್ತು. "ನಿಮ್ಮೂರಲ್ಲಿ ಎಲ್ರೂ ನನ್ನ ಯಾಕೆ ಕೂರಿಸ್ತೀರಿ? ನನಗೆ ಕಾಲಿಲ್ವಾ?"

ಹೆಂಗಸು ತಬ್ಬಿಬ್ಬಾದಳು. "ನಿಮ್ಮ ಕಾರ್ಡಿನಲ್ಲಿ ಹಾಗೇ ಬರೆದಿದೆಯಲ್ಲ."

"ಏನು ಬರೆದಿದೆ?"

"ಅದು... ಬೇಡ ಬಿಡಿ."

"ಓದಿ."

ಸಾವಿರಾರು ಜನರ ಮಾತಿನ ನಡುವೆ ಒಂದು ಕರೆಯನ್ನು ಹಿಡಿದು ನಿಲ್ಲಿಸಿದ ದನಿ ಅದು. ಹೆಂಗಸು ಚೀಟಿಯನ್ನು ಕೈಗೆತ್ತಿಕೊಂಡು, ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಓದಿದಳು.

"ನನಗೆ ಮರೆವಿನ ಕಾಯಿಲೆ ಇದೆ. ನಾನು ಹೇಳುವ ಊರಿಗೆ ನನ್ನನ್ನು ಕಳಿಸಬೇಡಿ. ಕೂರಿಸಿ, ನೀರು ಕೊಟ್ಟು, ಈ ನಂಬರಿಗೆ ಫೋನ್ ಮಾಡಿ."

ಟ್ರಂಕಮ್ಮ ಇನ್ನೊಂದು ಸಲ ಓದಿಸಿದಳು. ಕೆಳಗಿದ್ದ ನಂಬರನ್ನು ಅವಳು ಓದಬೇಕಾಗಿರಲಿಲ್ಲ, ಅದು ಪುಟ್ಟಿಯದೇ. ಇಷ್ಟು ದಿನ ಅದನ್ನು ಕಂಡಿದ್ದಳು. ಪ್ರವಾಸಿಯ ಚೀಟಿಯಲ್ಲಿ ತಂಗಿಯ ನಂಬರು ಇರುವುದು ಸಹಜ ಅಂದುಕೊಂಡಿದ್ದಳು. ಅವಳಿಗೆ ಮೊದಲು ತಟ್ಟಿದ್ದು ಮರೆವು ಅನ್ನುವ ಮಾತಲ್ಲ, "ನಾನು" ಅನ್ನುವ ಮಾತು. ಅವಳ ಬಾಯಲ್ಲೇ ಹೇಳಿಸಿದ್ದಾರೆ. ಮೂರು ದಿನ, ಕಂಡಕಂಡವರ ಮುಂದೆ ಕತ್ತು ಚಾಚಿ, ನನ್ನ ಮಾತು ನಂಬಬೇಡಿ ಎಂದು ತಾನೇ ಬೇಡಿಕೊಂಡಿದ್ದಾಳೆ. ಆ ನಗುಗಳೆಲ್ಲ ಒಂದೊಂದಾಗಿ ನೆನಪಾಗಿ ಅವಳ ಮುಖ ಕೆಂಡವಾಯಿತು.

"ಸುಳ್ಳು," ಎಂದಳು. "ನನಗೆ ಮರೆವಿಲ್ಲ."

"ಇಲ್ಲ, ಇಲ್ಲ," ಎಂದಳು ಹೆಂಗಸು, ಎಷ್ಟು ಮೆತ್ತಗೆ ಎಂದರೆ ಟ್ರಂಕಮ್ಮನಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು.

"ನಾನು ಟೆಲಿಫೋನ್ ಆಪರೇಟರ್! ಸಾವಿರದೆಂಟುನೂರು ನಂಬರು ಈಗಲೂ ಹೇಳ್ತೀನಿ, ಕೇಳಿ. ಹಲ್ಲಿನ ಡಾಕ್ಟರು, ಎರಡು ನಾಲ್ಕು ಒಂದು ಏಳು. ಅಕ್ಕಿ ಗಿರಣಿ, ಎರಡು ನಾಲ್ಕು ಮೂರು ಸೊನ್ನೆ. ಗಿರಣಿ ಮಾಲೀಕನ ಅಣ್ಣನ ಮನೆ, ಎರಡು ನಾಲ್ಕು ಮೂರು..."

ಹೆಂಗಸು ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳುತ್ತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಟ್ರಂಕಮ್ಮ ನಡುವೆಯೇ ನಿಲ್ಲಿಸಿದಳು. ಅಮ್ಮ ನೆನಪಾದಳು. ಕೊನೆಕೊನೆಗೆ ಅಮ್ಮನಿಗೆ ಬೆಳಗಿನ ತಿಂಡಿ ತಿಂದದ್ದು ನೆನಪಿರುತ್ತಿರಲಿಲ್ಲ. ತಾನು ಓದಿದ ಎರಡನೆಯ ಕ್ಲಾಸಿನ ಹಾಜರಿಪಟ್ಟಿಯನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತಿದ್ದಳು. ಹೌದು, ಮರೆವಿಲ್ಲ ಎಂದು ಕಿರುಚುವುದೂ ಮರೆವಿನವರೇ, ಹಳೆಯದನ್ನು ಗಡಗಡ ಹೇಳುವುದೂ ಅವರೇ. ಈ ಚೀಟಿ ಕೊರಳಲ್ಲಿದ್ದವರು ಏನು ಹೇಳಿದರೂ ಅದು ಚೀಟಿಗೇ ಸಾಕ್ಷಿ. ಅದನ್ನು ಎಳೆದು ತೆಗೆದಳು. ದಾರ ಕೂದಲಿಗೆ ಸಿಕ್ಕಿ ನೋವಾಯಿತು. ಸ್ವೆಟರಿನ ಜೇಬಿಗೆ ತುರುಕಿ, ಫೋನಿನ ಗುಂಡಿಗಳನ್ನು ನೋಡದೆಯೇ ಒತ್ತಿದಳು.

"ಹೇಳು ಅಕ್ಕಾ, ರೈಲಲ್ಲಿದೀನಿ. ಕಾಫಿ ಕುಡಿದ್ಯಾ?"

"ಪುಟ್ಟೀ, ನನಗೆ ಮರೆವಿನ ಕಾಯಿಲೆ ಯಾವಾಗ ಬಂತೇ?"

ಆ ಕಡೆ ಮಾತಿಲ್ಲ. ಲೈನು ಸತ್ತ ಮೌನ ಬೇರೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡ ಮೌನ ಬೇರೆ, ಸಿಕ್ಕಿಬಿದ್ದವರ ಮೌನ ಬೇರೆ. ಇದು ಯಾವುದೆಂದು ಆಪರೇಟರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಯಾರು ಓದಿ ಹೇಳಿದ್ರು?" ಎಂದಳು ಪುಟ್ಟಿ.

"ಅದಾ ನಿನ್ನ ಪ್ರಶ್ನೆ? ಓದಿದ್ದು ಯಾರು ಅಂತಾನಾ? ಬರೆದವಳು ಯಾರೇ?"

"ಅಕ್ಕ, ಕೂಗ್ಬೇಡ. ಸ್ವಲ್ಪ ಕೇಳು. ಭಾಷೆ ಬರಲ್ಲ, ದಾರಿ ತೋರಿಸಿ ಅಂತ ಬರೆದ್ರೆ ಇಲ್ಲಿ ಯಾರೂ ನಿಲ್ಲಲ್ಲ. ಅಂಥ ಪ್ರವಾಸಿಗಳು ದಿನಕ್ಕೆ ಸಾವಿರ ಬರ್ತಾರೆ. ಆ ನೀಲಿ ಪಟ್ಟಿ ಕಂಡ್ರೆ ಮಾತ್ರ ಇರೋ ಕೆಲಸ ಬಿಟ್ಟು ಓಡಿ ಬರ್ತಾರೆ. ಬಸ್ಸು, ರೈಲು, ದೋಣಿ, ಎಲ್ಲ ಕಡೆ ಅವರಿಗೆ ಟ್ರೈನಿಂಗ್ ಕೊಟ್ಟಿರ್ತಾರೆ."

"ಓಡಿ ಬರ್ತಾರೆ ಕಣೆ! ಬಂದು ನನ್ನ ಹಿಡ್ಕೊಂಡು ನಿನಗೆ ಫೋನ್ ಮಾಡ್ತಾರೆ. ನಾನು ಎಲ್ಲಿಗೆ ಹೋಗ್ಬೇಕು, ಎಲ್ಲಿಗೆ ಬೇಡ ಅಂತ ನೀನು ಅಲ್ಲಿ ಕೂತು ತೀರ್ಮಾನ ಮಾಡ್ತೀಯ. ಗಾಳಿ ಜಾಸ್ತಿ ಅಂತೆ! ಕರುಳಿನ ಸಂಬಂಧ ಅಂದ್ಕೊಂಡಿದ್ನಲ್ಲೇ ನಾನು, ಮೂಳಿ."

"ಮೂರು ದಿನ ನಿನಗೆ ಏನಾದ್ರೂ ಆಯ್ತಾ? ಹೇಳು. ಏನೂ ಆಗ್ಲಿಲ್ಲ ತಾನೇ?"

"ಏನೂ ಆಗ್ಲಿಲ್ಲ. ಅದನ್ನೇ ಹೇಳ್ತಿರೋದು. ಏನೂ ಆಗೋಕೆ ಬಿಡ್ಲಿಲ್ಲ ನೀನು."

ಪುಟ್ಟಿಗೂ ಈಗ ಸಿಟ್ಟು ಬಂತು. ಅವಳ ದನಿ ಎತ್ತರಕ್ಕೆ ಹೋದರೆ ಹದಿನಾರರ ಹುಡುಗಿಯದಾಗುತ್ತಿತ್ತು. ಅರವತ್ತು ದಾಟಿದರೂ ಅದು ಮಾತ್ರ ಬದಲಾಗಿರಲಿಲ್ಲ. "ಸುಮ್ಸುಮ್ನೆ ಬರೆದೆ ಅಂದ್ಕೊಂಡ್ಯಾ? ಎರಡು ವಾರ ನೋಡಿದೀನಿ ನಾನು. ದಿನಾ ಇಂಥೋರ ಜೊತೆ ಇರೋಳು ನಾನು, ನನಗೆ ಗೊತ್ತಾಗಲ್ವಾ? ಒಂದೇ ಕತೆ ಎರಡೆರಡು ಸಲ ಹೇಳ್ತೀಯ."

"ಎರಡನೇ ಸಲ ಹೇಳಿದ್ದು ಮೊದಲ್ನೇ ಸಲ ನೀನು ಕೇಳಿಸ್ಕೊಳ್ಲಿಲ್ಲ ಅಂತ! ಫೋನ್ ನೋಡ್ಕೊಂಡು ಹೂಂ ಹೂಂ ಅಂತಿದ್ದೆ."

"ನನ್ನನ್ನ ಅಮ್ಮನ ಹೆಸರಿಂದ ಕರೆದೆ. ಒಂದ್ಸಲ ಅಲ್ಲ, ಎರಡು ಸಲ."

"ಕರೆದೆ. ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಕೊಂಡು ನಿಂತ್ರೆ ನೀನು ಥೇಟ್ ಅವಳೇ. ಅದು ಮರೆವಲ್ಲ ಕಣೆ, ನೆನಪು."

ಅಮ್ಮನ ಮಾತು ಬಂದ ಮೇಲೆ ಇಬ್ಬರಿಗೂ ಹಿಡಿತ ತಪ್ಪಿತು. ಹನ್ನೆರಡು ವರ್ಷ ಇಬ್ಬರೂ ಅದರತ್ತ ಹೆಜ್ಜೆಯಿಡದೆ ಬಂದಿದ್ದರು. ಟ್ರಂಕಮ್ಮ ಡ್ಯೂಟಿಯಲ್ಲಿದ್ದ ಒಂದು ಮಧ್ಯಾಹ್ನ ಅಮ್ಮ ಬಾಗಿಲು ತೆರೆದು ಹೊರಟುಹೋಗಿದ್ದಳು. ಎರಡು ದಿನದ ಮೇಲೆ ಊರಾಚೆಯ ಬಸ್ ಡಿಪೋದಲ್ಲಿ, ಕೆಟ್ಟು ನಿಂತ ಬಸ್ಸೊಂದರ ಹಿಂದಿನ ಸೀಟಿನಲ್ಲಿ ಸಿಕ್ಕಿದಳು. ಪಾದಗಳು ಬೊಬ್ಬೆಯೆದ್ದಿದ್ದವು. ಹದಿನೈದು ದಿನ ಬದುಕಿದಳು. ಪುಟ್ಟಿ ತಲುಪಿದ್ದು ಹದಿನಾರನೆಯ ದಿನ.

"ಅಮ್ಮನ ಕೊರಳಲ್ಲಿ ಇಂಥದ್ದೊಂದು ಇದ್ದಿದ್ರೆ ಎರಡು ದಿನ ಬೀದೀಲಿ ಇರ್ತಿರ್ಲಿಲ್ಲ," ಎಂದಳು ಪುಟ್ಟಿ. "ಯಾರಾದ್ರೂ ಕೂರಿಸಿ ನೀರು ಕೊಡ್ತಿದ್ರು. ಒಂದು ಚೀಟಿ ಅಕ್ಕ, ಬರೀ ಒಂದು ಚೀಟಿ. ನಿನಗೆ ಹೊಳೀಲಿಲ್ಲ."

ಟ್ರಂಕಮ್ಮ ಗೂಡಂಗಡಿಯ ಕಟ್ಟೆಯನ್ನು ಹಿಡಿದುಕೊಂಡಳು. ಕಾಫಿಯ ಹೆಂಗಸು ಯಂತ್ರವನ್ನು ನಿಲ್ಲಿಸಿದಳು.

"ಕಟ್ಟಿದ್ದೆ ಕಣೆ," ಎಂದಳು. "ಮೂರು ಸಲ ಕಟ್ಟಿದ್ದೆ. ಹೆಸರು, ಮನೆ, ಎಕ್ಸ್‌ಚೇಂಜ್ ನಂಬರು, ಎಲ್ಲ ಬರೆದು. ಮೂರು ಸಲಾನೂ ಕಿತ್ತೆಸೆದ್ಲು. ನಾನೇನು ನಾಯಿನಾ ಅಂತ ಕೇಳಿದ್ಲು. ನಾಲ್ಕನೇ ಸಲ ಕಟ್ಟೋಕೆ ಹೋದಾಗ ನನ್ನ ಕೈ ಕಚ್ಚಿದ್ಲು. ನಾನು ಹೊಡೆದೆ. ಅಮ್ಮನ ಕೆನ್ನೆಗೆ ಹೊಡೆದೆ. ಆಮೇಲೆ ಕಟ್ಲಿಲ್ಲ. ನೀನೆಲ್ಲಿದ್ದೆ ಆಗ? ವಾರಕ್ಕೊಂದು ಫೋನ್ ಮಾಡಿ, ಅಮ್ಮ ಹೇಗಿದಾಳೆ ಅಂತ ಕೇಳಿ, ಇಡ್ತಿದ್ದೆ. ನಾನೇ ಜೋಡಿಸ್ತಿದ್ದೆ ಆ ಕರೆನ!"

ಹೊಡೆದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪುಟ್ಟಿ ಅಳುತ್ತಿದ್ದಳು. ಅಳಲಿ ಎಂದು ಟ್ರಂಕಮ್ಮ ಬಿಟ್ಟಳು. ಕರುಣೆ ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ಹೊಡೆಯಲು ಹತ್ತು ನಿಮಿಷವಿತ್ತು.

"ಅಮ್ಮನಿಗೆ ಕಾಯಿಲೆ ಇತ್ತು," ಎಂದಳು. "ನನಗಿಲ್ಲ. ನಾಳೆ ಬಂದ್ರೆ ನಾನೇ ನಿನ್ನ ಹತ್ರ ಬಂದು ಕಟ್ಟು ಅಂತೀನಿ. ಬಂದಿಲ್ಲದಿರೋದನ್ನ ಕಟ್ಟೋಕೆ ನೀನ್ಯಾರೇ? ಈಗ ಫೋನನ್ನ ಟಿಕೆಟಿನವನಿಗೆ ಕೊಡ್ತೀನಿ. ಚೀಟಿ ಸುಳ್ಳು ಅಂತ ಅವನಿಗೆ ಹೇಳು."

"ಅಕ್ಕ, ಅದೊಂದು ಬೇಡ. ಬೇರೆ ಏನಾದ್ರೂ ಹೇಳ್ತೀನಿ. ಡಾಕ್ಟರು ಒಪ್ಪಿದಾರೆ ಅಂತ, ಆ ಕಡೆ ಯಾರೋ ಕರ್ಕೊಳ್ಳೋಕೆ ಬರ್ತಾರೆ ಅಂತ..."

"ಸುಳ್ಳು ಬರೆದೆ ಅಂತ ಹೇಳು."

"ಆ ಕಾರ್ಡು ಹೊರಗಿನವರಿಗೆ ಕೊಡೋ ಹಾಗಿಲ್ಲ. ಕಾಯಿಲೆಯವರ ಹೆಸರಲ್ಲಿ ನೋಂದಣಿ ಇರುತ್ತೆ. ನಾನು ಕದ್ದು ಮಾಡಿಸಿದೀನಿ. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಅಕ್ಕ. ಇನ್ನೆರಡು ವರ್ಷ ಇದೆ ನನಗೆ."

"ಹೋಗ್ಲಿ," ಎಂದಳು ಟ್ರಂಕಮ್ಮ.

ಆ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳೇ ಬೆಚ್ಚಿದಳು. ಆಮೇಲೆ ಪುಟ್ಟಿ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

"ಕೊಡು ಅವನಿಗೆ," ಎಂದಳು.

ಗಾಜಿನ ಆಚೆ ಅವನು ಫೋನನ್ನು ಕಿವಿಗಿಟ್ಟುಕೊಂಡ. ಪುಟ್ಟಿ ಏನು ಹೇಳುತ್ತಿದ್ದಾಳೆಂಬುದು ಟ್ರಂಕಮ್ಮನಿಗೆ ತಿಳಿಯುವಂತಿರಲಿಲ್ಲ. ಅವಳು ಅವನ ಮುಖವನ್ನೇ ನೋಡಿಕೊಂಡು ನಿಂತಳು. ಮೊದಲು ಆ ಮೆತ್ತನೆಯ ನಗು ಇತ್ತು. ಅದು ಮೆಲ್ಲಗೆ ಇಳಿಯಿತು. ಹುಬ್ಬು ಗಂಟಾಯಿತು. ಗಡಸಾಗಿ ಎರಡು ಪ್ರಶ್ನೆ ಕೇಳಿದ, ಉತ್ತರ ಕೇಳಿ ನಾಲಿಗೆಯಿಂದ ಲೊಚಗುಟ್ಟಿದ. ಫೋನನ್ನು ಕಿಂಡಿಯಲ್ಲಿ ಈಚೆ ತಳ್ಳಿ, ಟ್ರಂಕಮ್ಮನನ್ನು ದುರುಗುಟ್ಟಿ ನೋಡಿದ. ಬೆಳಗ್ಗೆಯಿಂದ ನನ್ನನ್ನು ಮಂಗ ಮಾಡಿದಿರಲ್ಲ ಅನ್ನುವ ನೋಟ. ಟಿಕೆಟ್ಟಿನ ದರ ಹೇಳಿದ. ಅವಳು ಕೈಚೀಲದಲ್ಲಿ ಹುಡುಕುತ್ತಿರುವಾಗ ಉಗುರಿನಿಂದ ಗಾಜು ಕುಟ್ಟಿದ. ಸಾಲಿನಲ್ಲಿ ಹಿಂದಿದ್ದ ಗಂಡಸೊಬ್ಬ ಗಟ್ಟಿಯಾಗಿ ನಿಟ್ಟುಸಿರು ಬಿಟ್ಟ. ಕೊನೆಗೆ ಅವನು ಟಿಕೆಟ್ಟನ್ನು ಎಸೆದ ಹಾಗೆ ಇತ್ತ ತಳ್ಳಿದ.

ಮೂರು ದಿನದಲ್ಲಿ ಮೊದಲ ಸಲ ಟ್ರಂಕಮ್ಮನಿಗೆ ಹಾಯೆನಿಸಿತು. ಟಿಕೆಟ್ಟನ್ನು ಅಂಗೈಯಲ್ಲಿ ಮಡಚಿಕೊಂಡ ಅವಳು ತಿರುಗುವಷ್ಟರಲ್ಲಿ ಅವನು ಕಿಂಡಿಯಿಂದ ಕೈ ಹೊರಗೆ ಚಾಚಿ ಏನೋ ಹೇಳಿದ. ಖಾಲಿ ಅಂಗೈ ಹಾಗೇ ನಿಂತಿತು. ಅವಳಿಗೆ ಅರ್ಥವಾಗದ್ದು ಕಂಡು ಕಾಫಿಯ ಹೆಂಗಸು ಹತ್ತಿರ ಬಂದಳು.

"ಆ ಕಾರ್ಡು ಕೊಡ್ಬೇಕಂತೆ," ಎಂದಳು. "ಸುಳ್ಳು ಕಾರ್ಡು ಅಂತ ದೂರು ಬರೀಬೇಕಂತೆ. ಅದರ ಮೂಲೇಲಿ ನೋಂದಣಿ ನಂಬರಿದೆ, ಕೊಟ್ಟವರು ಯಾರು ಅಂತ ಅದರಿಂದಲೇ ಗೊತ್ತಾಗೋದು. ಕಾರ್ಡು ಲಗತ್ತಿಸದೇ ಇದ್ರೆ ದೂರು ತಗೊಳ್ಳಲ್ಲ."

ಚೀಟಿ ಜೇಬಿನಲ್ಲೇ ಇತ್ತು. ಅದರ ಚೂಪು ಮೂಲೆ ಅವಳ ಬೆರಳಿಗೆ ಚುಚ್ಚುತ್ತಿತ್ತು. ಕೊಟ್ಟುಬಿಡಬಹುದಿತ್ತು. ಕೊಡಬೇಕೆಂದೇ ಅವಳಿಗೆ ಅನಿಸಿತು. ಪುಟ್ಟಿಯ ಪೂರ್ತಿ ಹೆಸರು, ಅವಳ ಆಫೀಸಿನ ವಿಳಾಸ, ಅಲ್ಲಿನ ಮುಖ್ಯಸ್ಥನ ನೇರ ನಂಬರು, ಕೇಳದಿದ್ದರೂ ಎಲ್ಲ ನಾಲಿಗೆಯ ತುದಿಯಲ್ಲಿ ಬಂದು ನಿಂತವು. ಮೈಯ ಬಿಸಿ ಇನ್ನೂ ಇಳಿದಿರಲಿಲ್ಲ. ಫೋನಿನ ಲೈನು ಇನ್ನೂ ತೆರೆದೇ ಇತ್ತು. ಪುಟ್ಟಿಗೆ ಈ ದೇಶದ ಭಾಷೆ ತಿಳಿಯುತ್ತದೆ. ಅವನು ಕೇಳಿದ್ದನ್ನು ಅವಳು ಕೇಳಿಸಿಕೊಂಡಿರಬೇಕು. ಅವಳು ಬೇಡ ಅನ್ನಲಿಲ್ಲ, ಅಕ್ಕಾ ಅನ್ನಲೂ ಇಲ್ಲ.

"ಫರ್ಗಾಟ್," ಎಂದಳು ಟ್ರಂಕಮ್ಮ.

ಕಾಫಿಯ ಹೆಂಗಸು ಅವಳ ಮುಖ ನೋಡಿದಳು.

"ಮರೆತೋಯ್ತು ಅಂತ ಹೇಳಿ ಅವನಿಗೆ. ಎಲ್ಲಿ ಹಾಕಿದೆನೋ ನೆನಪಿಲ್ಲ."

ಹೆಂಗಸಿನ ಕಣ್ಣು ಸ್ವೆಟರಿನ ಜೇಬಿಗಿಳಿಯಿತು. ಅಲ್ಲಿ ನೀಲಿ ದಾರ ಒಂದು ಗೇಣು ಹೊರಗೆ ನೇತಾಡುತ್ತಿತ್ತು. ಅವಳು ಆ ಜೇಬಿಗೂ ಕಿಂಡಿಗೂ ನಡುವೆ ತನ್ನ ದಪ್ಪ ಮೈಯನ್ನು ತಂದು ನಿಲ್ಲಿಸಿ, ಹೇಳಿದಷ್ಟನ್ನೇ ಅನುವಾದ ಮಾಡಿದಳು. ಅವನು ಟಿಕೆಟ್ಟಿದ್ದ ಮುಷ್ಟಿಯನ್ನೊಮ್ಮೆ, ಇವಳ ಮುಖವನ್ನೊಮ್ಮೆ ನೋಡಿದ. ಹಳೆಯ ಅನುಮಾನ ಅವನ ಕಣ್ಣಿಗೆ ವಾಪಸ್ ಬರುತ್ತಿರುವುದು ಟ್ರಂಕಮ್ಮನಿಗೆ ಕಾಣಿಸಿತು. ಅವನ ಕೈ ಟಿಕೆಟ್ಟಿನ ಕಡೆಗೆ ಅರ್ಧ ಬಂತು. ಅವಳು ಮುಷ್ಟಿ ಬಿಗಿಮಾಡಿ, ಅವನನ್ನೇ ದಿಟ್ಟಿಸಿ ನಿಂತಳು. ಹಿಂದಿದ್ದ ಗಂಡಸು ಏನೋ ಒದರಿದ. ದೋಣಿ ಕೂಗಿತು. ಟಿಕೆಟಿನವನು ಕೈ ಒಳಗೆಳೆದುಕೊಂಡು, ಹೋಗಿ ಹೋಗಿ ಎಂದು ನೊಣ ಓಡಿಸುವ ಹಾಗೆ ಬೀಸಿದ.

ದೋಣಿಗೆ ಹಾಕಿದ್ದ ಹಲಗೆ ಒದ್ದೆಯಾಗಿತ್ತು, ಅಲುಗಾಡುತ್ತಿತ್ತು. ಯಾರೂ ಮೊಣಕೈ ಹಿಡಿಯಲಿಲ್ಲ. ಅರ್ಧದಲ್ಲಿ ಅವಳ ಕಾಲು ಜಾರಿತು. ಪಕ್ಕದ ಹಗ್ಗ ಹಿಡಿದು ಸಾವರಿಸಿಕೊಂಡು, ಹಲಗೆಗೊಂದು ಬೈಗುಳ ಬೈದು, ಮೇಲೆ ಹತ್ತಿದಳು. ಹತ್ತುವ ಭರದಲ್ಲಿ ಫೋನು ಕಟ್ಟಾಗಿತ್ತು. ಗಾಳಿ ನಿಜಕ್ಕೂ ಜೋರಾಗಿತ್ತು. ಒಳಗೆ ಬೆಚ್ಚನೆಯ ಜಾಗವಿದ್ದರೂ ಅವಳು ಹೊರಗೇ, ಕಂಬಿಯ ಪಕ್ಕದಲ್ಲಿ ನಿಂತಳು.

ದಡ ಒಂದು ಗೆರೆಯಷ್ಟಾದಾಗ ಫೋನು ಬಡಿಯತೊಡಗಿತು. ಯಾರದೆಂದು ನೋಡುವ ಅಗತ್ಯವಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಒಂದು ನಿಯಮವಿತ್ತು. ಎಂಟು ಸಲ ಬಡಿದರೂ ಎತ್ತದಿದ್ದರೆ "ನೋ ರಿಪ್ಲೈ" ಎಂದು ಹೇಳಿ ಲೈನು ಬಿಡಬೇಕು. ಟ್ರಂಕಮ್ಮ ಫೋನನ್ನು ಕೈಯಲ್ಲಿ ಹಿಡಿದು ಎಣಿಸಿದಳು. ಎಂಟಾಯಿತು. ಒಂಬತ್ತು. ಎತ್ತಲಿಲ್ಲ, ಕತ್ತರಿಸಲೂ ಇಲ್ಲ. ಹನ್ನೊಂದು. ದೋಣಿಯ ಮೂತಿ ಅಲೆಯೊಂದನ್ನು ಸೀಳಿ ಅವಳ ಮುಖಕ್ಕೆ ಉಪ್ಪುನೀರು ಎರಚಿತು. ಅವಳು ಫೋನಿಗೆ ನೀರು ತಾಕದಂತೆ ಸ್ವೆಟರಿನೊಳಗೆ ಇಳಿಬಿಟ್ಟು, ಮೇಲೆ ಅಂಗೈ ಮುಚ್ಚಿಕೊಂಡು, ಹದಿಮೂರನೆಯದನ್ನು ಎಣಿಸಿದಳು.